ನಾಲ್ಕು ಬೆರಳು ಕಡಿಮೆ

ವ್ಯಾನು ಸಿಕ್ಕಿದ್ದು ಅಗ್ಗಕ್ಕೆ, ಮಿಲ್ಡ್ಯೂರಾದ ಹರಾಜಿನಲ್ಲಿ.
ಬಾಗಿಲ ಮೇಲೆ ಯಾವುದೋ ಪ್ಲಂಬರನ ಹೆಸರು
ಅರ್ಧ ಉಜ್ಜಿ ಅರ್ಧ ಬಿಟ್ಟದ್ದು.
ಎಂಜಿನ್ನು ಚೊಕ್ಕ. ಬ್ರೇಕು ಚೊಕ್ಕ.
ನನ್ನ ಕಾಲು ಮಾತ್ರ
ಕ್ಲಚ್ಚಿಗೆ ನಾಲ್ಕು ಬೆರಳು ಕಡಿಮೆ.

ಸೀಟು ಮುಂದೆಳೆದರೆ ಸ್ಟೀರಿಂಗು ಹೊಟ್ಟೆಗೆ ಒತ್ತುತ್ತದೆ,
ಹಿಂದೆ ತಳ್ಳಿದರೆ ಕಾಲು ಗಾಳಿ ತುಳಿಯುತ್ತದೆ.
ಬೆನ್ನಿಗೆ ದಿಂಬು, ಕೆಳಗೆ ಹಳೇ ಟೆಲಿಫೋನ್ ಪುಸ್ತಕ.
ಹೀಗೇ ಮೂರು ವಾರ,
ಬೆಳಗಿನ ನಾಲ್ಕಕ್ಕೆ ಬೇಕರಿಯ ಬ್ರೆಡ್ಡು ತುಂಬಿಕೊಂಡು
ಇರಿಂಪಲ್, ರೆಡ್ ಕ್ಲಿಫ್ಸ್, ಮರ್ಬೀನ್,
ಪ್ರತಿ ಗೇರಿಗೂ ಸೊಂಟ ಜಾರಿಸುತ್ತ
ಕುರ್ಚಿಯಿಂದ ಇಳಿಯುವ ಮಗುವಿನ ಹಾಗೆ.

ರಾಣೆಬೆನ್ನೂರಿನಲ್ಲಿ ನಮ್ಮಪ್ಪ ದರ್ಜಿ.
ಅವನು ಹೊಲಿದ ಯಾವ ಅಂಗಿಯಲ್ಲೂ
ಎರಡು ಬೆರಳು ಬಟ್ಟೆ ಒಳಗೆ ಮಡಚಿಟ್ಟಿರುತ್ತಿತ್ತು.
"ಮೈ ನಾಳೆ ಏನಾದೀತೋ ಯಾರಿಗೆ ಗೊತ್ತು,
ಬಿಚ್ಚಲಿಕ್ಕೆ ಬರಬೇಕು."
ಟಾರ್ಚು ಹಿಡಿದು ವ್ಯಾನಿನೊಳಗೆ ತಲೆ ತೂರಿಸಿ ಹುಡುಕಿದೆ.
ಎಲ್ಲೂ ಮಡಿಕೆ ಬಿಟ್ಟಿಲ್ಲ.
ಯಾವನೋ ಉದ್ದಕಾಲಿನವನನ್ನು ನಿಲ್ಲಿಸಿ ಅಳೆದು
ಲೋಕವೆಲ್ಲ ಅವನೇ ಅಂದುಕೊಂಡಿದ್ದಾರೆ.

ಪಕ್ಕದ ಮನೆಯ ನುನ್ಸಿಯೋ
ಐವತ್ತು ವರ್ಷ ದ್ರಾಕ್ಷಿ ಒಣಗಿಸಿದವನು.
ಅವನ ಶೆಡ್ಡಿನಲ್ಲಿ ಸಿಗದಿರುವುದು ಒಂದೇ, ಹೊಸ ವಸ್ತು.
ದ್ರಾಕ್ಷಿ ಚಪ್ಪರದ ಮುರಿದ ಕಂಬ ಕೊಟ್ಟ, ರೆಡ್‌ಗಮ್ ಮರದ್ದು,
ಕುಯ್ದರೆ ಒಳಗೆಲ್ಲ ಕುಂಕುಮ.
ಎರಡು ಗರಗಸ ಸೋತವು, ಮೂರನೆಯದು ಒಪ್ಪಿತು.
ಕ್ಲಚ್ಚಿಗೆ ನಾಲ್ಕು ಬೆರಳು ದಪ್ಪ, ಬ್ರೇಕಿಗೆ ನಾಲ್ಕು,
ಆಕ್ಸಿಲರೇಟರಿಗೆ ಮೂರೇ.
ಅವಸರ ಸ್ವಲ್ಪ ದೂರವೇ ಇರಲಿ.
ಮೇಲೆ ಸೈಕಲ್ ಟೈರಿನ ಚರ್ಮ,
ಅಂಗಾಲು ಜಾರದ ಹಾಗೆ.

ಮೊದಲ ದಿನವೇ, ಡೀಕಿನ್ ಅವೆನ್ಯೂದ ವೃತ್ತದಲ್ಲಿ,
ಬ್ರೇಕಿನ ತುಂಡು ಗಿರ್ರನೆ ತಿರುಗಿತು.
ಹ್ಯಾಂಡ್‌ಬ್ರೇಕು ಎಳೆದೆ. ಗಾಡಿ ನಿಂತಿತು,
ಬನ್ನುಗಳು ನಿಲ್ಲಲಿಲ್ಲ.
ಸಂಜೆಯವರೆಗೂ ಜಡೆಯಿಂದ ಎಳ್ಳು ಉದುರುತ್ತಿತ್ತು.
ನುನ್ಸಿಯೋ ನಗಲಿಲ್ಲ. ತುಂಡನ್ನು ತಿರುವಿ ನೋಡಿ,
"ಒಂದೇ ಬೋಲ್ಟು" ಅಂದ. ಅಷ್ಟೇ.
ನಿಜ. ಒಂಟಿ ಗುಂಡಿ ಹಾಕಿದ ಪಟ್ಟಿ ತಿರುಗದೆ ಇನ್ನೇನು?
ಎರಡೆರಡು ಬೋಲ್ಟು, ಹಿಂದೆ ಉಕ್ಕಿನ ತಗಡು,
ಅದುರಿದರೂ ಬಿಡದ ನಟ್ಟು.
ನಿಂತ ಗಾಡಿಯಲ್ಲೇ ಕೂತು ಸಾವಿರ ಸಲ ತುಳಿದೆ,
ಹೊಲಿಗೆ ಯಂತ್ರ ತುಳಿದ ಹಾಗೆ,
ಎಣಿಸುತ್ತ, ತಪ್ಪುತ್ತ, ಮತ್ತೆ ಒಂದರಿಂದ.

ಗೇರಿನ ಕಂಬಿಯೂ ಗಿಡ್ಡ. ಅದಕ್ಕೆ ಲಟ್ಟಣಿಗೆ ಕೊಯ್ದೆ.
ಮೂರನೇ ಗೇರಿಗೆ ಈಗ ಚಪಾತಿಯ ಅಂಚು ತೀಡಿದಷ್ಟು ಒತ್ತು ಸಾಕು.
ಮನೆಯಲ್ಲಿ ವಿನೆಗರ್ ಬಾಟಲಿಯಿಂದ ಲಟ್ಟಿಸುತ್ತೇನೆ.
ಚಪಾತಿ ದುಂಡಗೆ ಬರುವುದಿಲ್ಲ; ಮೊದಲೂ ಬರುತ್ತಿರಲಿಲ್ಲ.

ತಪಾಸಣೆಗೆ ಒಯ್ದಾಗ ಬ್ರೋನ್ವಿನ್,
ಆರಡಿ ಎತ್ತರದ ಮೆಕ್ಯಾನಿಕ್ಕು,
ಕೆಳಗೆ ತೂರಿ ಸುತ್ತಿಗೆಯಿಂದ ಬಡಿದಳು, ಒಂದೊಂದಕ್ಕೂ ಕಿವಿಗೊಟ್ಟು.
"ಗಟ್ಟಿ ಇದೆ. ಆದರೆ ಎಂಜಿನಿಯರಿನ ಸಹಿ ಬೇಕು.
ನಾನೇ ಪಾಸು ಮಾಡಲಾರೆ."
ಸಹಿ ಆಯಿತು. ಎರಡು ವಾರದ ಬ್ರೆಡ್ಡಿನ ದುಡ್ಡೂ ಆಯಿತು.
ಹೊರಡುವಾಗ ಅವಳೇ ಕರೆದು ಹೇಳಿದಳು,
ತನ್ನ ಕಾರಿನಲ್ಲಿ ಮೊಣಕಾಲು
ಸ್ಟೀರಿಂಗಿಗೆ ತಾಗುತ್ತದಂತೆ, ಹದಿನೆಂಟನೇ ವಯಸ್ಸಿನಿಂದ.

ಇವತ್ತು ಭಾನುವಾರ. ಇಬ್ಬನಿ ಇನ್ನೂ ಆರಿಲ್ಲ.
ನುನ್ಸಿಯೋ ತನ್ನ ಟ್ರ್ಯಾಕ್ಟರನ್ನು ಗೇಟಿನವರೆಗೆ ತಂದು ನಿಲ್ಲಿಸಿದ್ದಾನೆ.
ಬಲ ಮೊಣಕಾಲು ಮಡಚುವುದಿಲ್ಲ ಈಗೀಗ,
ಬ್ರೇಕು ಒತ್ತುವಾಗ ತೊಡೆಯನ್ನು ಕೈಯಿಂದ ಎತ್ತಿಡುತ್ತಾನೆ.
ಬಾಯಿಬಿಟ್ಟು ಕೇಳಲಿಲ್ಲ.
ಎಂಜಿನ್ನು ಆರಿಸಿ, ಟೋಪಿ ತೆಗೆದು,
ಫೋಟೋಗೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿದ.

ನಾನು ಕೊರಳಿಗೆ ಟೇಪು ಹಾಕಿಕೊಂಡು
ಹಲ್ಲಲ್ಲಿ ಸೀಮೆಸುಣ್ಣ ಕಚ್ಚಿ ಮಂಡಿಯೂರಿದೆ.
"ಹೊಟ್ಟೆ ಒಳಗೆಳೆಯಬೇಡ," ಅಂದೆ.
"ದಿನಾ ಹೇಗೆ ಕೂರುತ್ತೀಯೋ ಹಾಗೆ ಕೂರು."